ಸ್ಟುಡಿಯೊಗಳು ಮುಚ್ಚುತ್ತಿರುವಾಗ ಅನಿಮೇಷನ್ ಕಲಿಸುವವರ ದಾರಿ

2025ರ ಫೆಬ್ರುವರಿ ಕೊನೆಯಲ್ಲಿ ಸಿನಿಮಾ ತಂತ್ರಜ್ಞಾನದ ಟೆಕ್ನಿಕಲರ್ ಸಮೂಹ ಕುಸಿಯಿತು. ಲಂಡನ್ನಿನಲ್ಲಿ 1970ರಲ್ಲಿ ಆರಂಭವಾದ ಎಂಪಿಸಿ, 1990ರಲ್ಲಿ ಆರಂಭವಾದ ದ ಮಿಲ್ ಮೊದಲಾದ ಅದರ ವಿಎಫ್‌ಎಕ್ಸ್ (ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ದೃಶ್ಯಪರಿಣಾಮ ಸೇರಿಸುವ) ಸ್ಟುಡಿಯೊಗಳು ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಹಠಾತ್ತನೆ ಬಾಗಿಲು ಹಾಕಿದವು. ದೊಡ್ಡ ಸಂಖ್ಯೆಯ ಕಲಾವಿದರು ಕೈಯಲ್ಲಿದ್ದ ಶಾಟ್‌ಗಳನ್ನು ಅರ್ಧಕ್ಕೇ ಬಿಟ್ಟು ಮನೆಗೆ ಹೋಗಬೇಕಾಯಿತು. ಅದಾದ ಕೆಲವೇ ದಿನಗಳಲ್ಲಿ, ಮಾರ್ಚ್ 2ರಂದು, ಲಾಟ್ವಿಯಾದ ನಿರ್ದೇಶಕ ಗಿಂಟ್ಸ್ ಜಿಲ್ಬಾಲೊಡಿಸ್ ಅವರ 'ಫ್ಲೋ' ಅತ್ಯುತ್ತಮ ಅನಿಮೇಷನ್ ಚಿತ್ರಕ್ಕಿರುವ ಆಸ್ಕರ್ ಪಡೆಯಿತು. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ತಂತ್ರಾಂಶದಲ್ಲಿ, ಹಾಲಿವುಡ್ಡಿನ ಲೆಕ್ಕದಲ್ಲಿ ತೀರ ಚಿಕ್ಕದಾದ ತಂಡ ಮಾಡಿದ ಚಿತ್ರ ಅದು. ಇವೆರಡರ ನಡುವೆ, ಒಂದು ಸಾಲು ಬರೆದರೆ ವಿಡಿಯೊ ತಯಾರಿಸಿ ಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳ ಸುದ್ದಿಯಂತೂ ನಿಂತೇ ಇಲ್ಲ.

ಒಂದು ಸುದ್ದಿ ಈ ಉದ್ಯಮ ಮುಗಿಯಿತು ಎನ್ನುತ್ತದೆ, ಇನ್ನೊಂದು ಇದು ಈಗಷ್ಟೇ ಎಲ್ಲರ ಕೈಗೆ ಸಿಕ್ಕಿತು ಎನ್ನುತ್ತದೆ, ಮೂರನೆಯದು ಇದಕ್ಕೆ ಮನುಷ್ಯರೇ ಬೇಕಾಗಿಲ್ಲ ಎನ್ನುತ್ತದೆ. ಇಷ್ಟರ ನಡುವೆಯೂ ವಿಶ್ವವಿದ್ಯಾಲಯಗಳು ಕಂಪ್ಯೂಟರ್ ಅನಿಮೇಷನ್ ಮತ್ತು ವಿಎಫ್‌ಎಕ್ಸ್ ಪದವಿಗಳಿಗೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಲೇ ಇವೆ, ಅಧ್ಯಾಪಕರನ್ನು ಹುಡುಕುತ್ತಲೇ ಇವೆ. ಹಾಗಾದರೆ ಈ ವಿಷಯವನ್ನು ಕಲಿಸುವುದನ್ನೇ ಜೀವನದ ವೃತ್ತಿಯಾಗಿ ಆರಿಸಿಕೊಳ್ಳುವುದು ಬುದ್ಧಿವಂತಿಕೆಯೇ? ಉತ್ತರ ಸ್ಟುಡಿಯೊಗಳ ಆರೋಗ್ಯದಲ್ಲಿ ಇಲ್ಲ ಎಂಬುದು ಈ ಲೇಖನದ ವಾದ. ವಿಶ್ವವಿದ್ಯಾಲಯವು ಅಧ್ಯಾಪಕರಿಂದ ಏನನ್ನು ನಿರೀಕ್ಷಿಸುತ್ತದೆ, ಅದಕ್ಕೆ ಎಷ್ಟು ಸಮಯ ಕೊಡುತ್ತದೆ ಎಂಬುದರಲ್ಲಿ ಅದು ಇದೆ.

ಗೆದ್ದರೂ ಮುಳುಗುವ ವ್ಯವಹಾರ

ಮೊದಲು ಸ್ಟುಡಿಯೊಗಳು ಏಕೆ ಮುಳುಗುತ್ತವೆ ಎಂಬುದು ಸ್ಪಷ್ಟವಾಗಬೇಕು. ಚಿತ್ರ ನಿರ್ಮಿಸುವ ಸಂಸ್ಥೆ ತನಗೆ ಬೇಕಾದ ಶಾಟ್‌ಗಳ ಪಟ್ಟಿಯನ್ನು ಹಲವು ಸ್ಟುಡಿಯೊಗಳ ಮುಂದಿಡುತ್ತದೆ. ಸ್ಟುಡಿಯೊಗಳು ಪೈಪೋಟಿಗೆ ಬಿದ್ದು ದರ ಇಳಿಸಿ, ನಿಗದಿತ ಮೊತ್ತಕ್ಕೆ ಕೆಲಸ ಒಪ್ಪಿಕೊಳ್ಳುತ್ತವೆ. ಮೊತ್ತ ನಿಗದಿಯಾದರೂ ಕೆಲಸ ನಿಗದಿಯಾಗುವುದಿಲ್ಲ. ನಿರ್ದೇಶಕರು ಸಂಕಲನದ ಹೊತ್ತಿನಲ್ಲಿ ದೃಶ್ಯ ಬದಲಿಸುತ್ತಾರೆ, ಬೆಳಗಿನ ದೃಶ್ಯ ಸಂಜೆಯದಾಗುತ್ತದೆ, ಮುಗಿದ ಪ್ರಾಣಿಗೆ ಹೊಸ ಚರ್ಮ ಬೇಕಾಗುತ್ತದೆ. ಈ ಹೆಚ್ಚುವರಿ ದುಡಿಮೆಯ ದೊಡ್ಡ ಪಾಲು ಸ್ಟುಡಿಯೊದ ತಲೆಯ ಮೇಲೆಯೇ ಬೀಳುತ್ತದೆ. ಚಿತ್ರ ಎಷ್ಟೇ ಗಳಿಸಿದರೂ ಆ ಗಳಿಕೆಯಲ್ಲಿ ಸ್ಟುಡಿಯೊಗೆ ಸಾಮಾನ್ಯವಾಗಿ ಪಾಲಿರುವುದಿಲ್ಲ. ಹೀಗಾಗಿ ಕೆಲಸ ತುಂಬಿ ತುಳುಕುತ್ತಿರುವಾಗಲೂ ನಷ್ಟ ಸಾಧ್ಯ. 1987ರಲ್ಲಿ ಶುರುವಾದ ರಿದಮ್ ಆ್ಯಂಡ್ ಹ್ಯೂಸ್ ಎಂಬ ಅಮೆರಿಕದ ಸ್ಟುಡಿಯೊ 2013ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದು ಕೆಲಸ ಮಾಡಿದ ಚಿತ್ರಕ್ಕೆ ದೃಶ್ಯಪರಿಣಾಮದ ಆಸ್ಕರ್ ಬಂದದ್ದೂ ಅದೇ ತಿಂಗಳು.

ಇದಕ್ಕೆ ತೆರಿಗೆ ರಿಯಾಯಿತಿಯ ರಾಜಕಾರಣವೂ ಸೇರುತ್ತದೆ. ಲಂಡನ್, ವ್ಯಾಂಕೂವರ್, ಮಾಂಟ್ರಿಯಲ್‌ಗಳು ಈ ಉದ್ಯಮದ ಕೇಂದ್ರಗಳಾಗಿ ಬೆಳೆದದ್ದರಲ್ಲಿ ಅಲ್ಲಿನ ಸರ್ಕಾರಗಳು ಕೊಟ್ಟ ರಿಯಾಯಿತಿಗಳ ಪಾತ್ರ ದೊಡ್ಡದು. ರಿಯಾಯಿತಿ ಎಲ್ಲಿ ಹೆಚ್ಚೋ ಕೆಲಸ ಅಲ್ಲಿಗೆ ಹೋಗುತ್ತದೆ, ಕಲಾವಿದರು ಕೆಲಸದ ಹಿಂದೆ ಊರು ಬದಲಿಸುತ್ತಾರೆ. ಅದರ ಮೇಲೆ ಸ್ಟ್ರೀಮಿಂಗ್ ಕಂಪನಿಗಳು ಕೆಲವು ವರ್ಷ ಮಿತಿಮೀರಿ ಸರಣಿಗಳನ್ನು ಮಾಡಿಸಿ, ಆಮೇಲೆ ಖರ್ಚಿಗೆ ಕಡಿವಾಣ ಹಾಕಿದವು. 2023ರಲ್ಲಿ ಅಮೆರಿಕದ ಚಿತ್ರಕಥೆಗಾರರು 148 ದಿನ, ನಟರು 118 ದಿನ ಮುಷ್ಕರ ಮಾಡಿದರು. ವಿಎಫ್‌ಎಕ್ಸ್ ಕೆಲಸದ ಹೆಚ್ಚಿನ ಪಾಲು ಚಿತ್ರೀಕರಣದ ನಂತರ ಬರುವಂಥದ್ದು. ಚಿತ್ರೀಕರಣ ನಿಂತಾಗ ಸ್ಟುಡಿಯೊಗೆ ಕೂಡಲೇ ಏನೂ ಆಗುವುದಿಲ್ಲ. ಕೈಯಲ್ಲಿದ್ದ ಕೆಲಸ ಮುಗಿದ ಮೇಲೆ, ಮುಷ್ಕರ ಮರೆತುಹೋಗುವ ಹೊತ್ತಿಗೆ, ಬರಗಾಲ ಬರುತ್ತದೆ. 2024ರಲ್ಲಿ ಬಂದದ್ದು ಅಂಥ ಬರಗಾಲ.

ಈ ಕಾರಣಗಳಲ್ಲಿ ಯಾವುದಕ್ಕೂ ತರಗತಿಯಲ್ಲಿ ಕಲಿಸಿದ ಪಾಠದ ಗುಣಮಟ್ಟಕ್ಕೂ ಸಂಬಂಧವಿಲ್ಲ. ಆದರೂ ವಿಶ್ವವಿದ್ಯಾಲಯಗಳು ತಮ್ಮ ಅನಿಮೇಷನ್ ವಿಭಾಗವನ್ನು ಅಳೆಯುವಾಗ, ಪದವೀಧರರಲ್ಲಿ ಎಷ್ಟು ಜನರಿಗೆ ಆರು ತಿಂಗಳಲ್ಲೋ ಒಂದು ವರ್ಷದಲ್ಲೋ ಸ್ಟುಡಿಯೊ ಕೆಲಸ ಸಿಕ್ಕಿತು ಎಂಬ ಸಂಖ್ಯೆಯನ್ನು ಮುಖ್ಯವಾಗಿ ನೋಡುತ್ತವೆ. ಯಾವುದೋ ದೇಶದ ಬಜೆಟ್ಟಿನಲ್ಲಿ ತೆರಿಗೆ ರಿಯಾಯಿತಿ ಇಳಿದರೆ ಇನ್ನೊಂದು ದೇಶದ ಅಧ್ಯಾಪಕಿಯ ಸಾಧನೆ ಕಡಿಮೆಯಾಗಿ ಕಾಣುತ್ತದೆ. ಈ ಅಳತೆ ಅನ್ಯಾಯದ್ದು, ಮತ್ತು ಇದನ್ನು ನಂಬಿ ವಿಭಾಗ ಮುಚ್ಚುವ ನಿರ್ಧಾರಗಳು ತಪ್ಪು ನಿರ್ಧಾರಗಳು.

ವಿಶ್ವವಿದ್ಯಾಲಯದಲ್ಲೇ ಹುಟ್ಟಿದ ವಿದ್ಯೆ

ಅನಿಮೇಷನ್ ಮತ್ತು ವಿಎಫ್‌ಎಕ್ಸ್ ಎಂದರೆ ಸ್ಟುಡಿಯೊಗಳು ಕಟ್ಟಿದ ಕಸುಬು, ವಿಶ್ವವಿದ್ಯಾಲಯ ಅದನ್ನು ತಡವಾಗಿ ಪಠ್ಯಕ್ಕೆ ಸೇರಿಸಿಕೊಂಡಿತು ಎಂಬ ಭಾವನೆ ವ್ಯಾಪಕವಾಗಿದೆ. ಕಂಪ್ಯೂಟರ್ ಚಿತ್ರಗಳ ಮಟ್ಟಿಗೆ ಇತಿಹಾಸ ಬಹುತೇಕ ತಿರುಗುಮುರುಗಾಗಿದೆ. ಈ ಕ್ಷೇತ್ರದ ಮೊದಲಿಗರಾದ ಡೇವಿಡ್ ಇವಾನ್ಸ್ ಮತ್ತು ಇವಾನ್ ಸದರ್ಲೆಂಡ್ ಇದ್ದ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಿಂದ 1970ರ ದಶಕದಲ್ಲಿ ಹೊರಬಂದ ಹೆಸರುಗಳನ್ನು ಇಂದಿಗೂ ಪ್ರತಿಯೊಬ್ಬ ವಿದ್ಯಾರ್ಥಿ ತಂತ್ರಾಂಶದ ಮೆನುಗಳಲ್ಲಿ ಓದುತ್ತಾನೆ: ಮೇಲ್ಮೈಗೆ ನಯವಾದ ನೆರಳು ತುಂಬುವ ಗೂರೋ ವಿಧಾನ, ಹೊಳಪಿನ ಬಿಂದುವನ್ನು ಲೆಕ್ಕ ಹಾಕುವ ಫಾಂಗ್ ವಿಧಾನ. ಎಡ್ ಕ್ಯಾಟ್ಮುಲ್ 1974ರಲ್ಲಿ ಅಲ್ಲಿ ಬರೆದ ಪಿಎಚ್‌ಡಿ ಪ್ರಬಂಧದಲ್ಲಿ, ಮೇಲ್ಮೈಯ ಮೇಲೆ ಚಿತ್ರವನ್ನು ಹೊದಿಸುವ ಟೆಕ್ಸ್ಚರ್ ಮ್ಯಾಪಿಂಗ್ ಇತ್ತು. ಅವರು ಮುಂದೆ ಪಿಕ್ಸಾರ್ ಅನಿಮೇಷನ್ ಸ್ಟುಡಿಯೊ ಕಟ್ಟಿದವರಲ್ಲಿ ಒಬ್ಬರಾದರು. ಮಾರ್ಟಿನ್ ನ್ಯೂವೆಲ್ 1975ರಲ್ಲಿ ಅಲ್ಲಿಯೇ ಮಾಡಿದ ಚಹಾ ಪಾತ್ರೆಯ ಮಾದರಿ ಇಂದಿಗೂ ಈ ಕ್ಷೇತ್ರದ ಗುರುತು.

ಇನ್ನೊಂದು ವಂಶಾವಳಿ ಕಲೆಯದ್ದು. ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಚಾರ್ಲ್ಸ್ ಸೂರಿ 1960ರ ದಶಕದಲ್ಲೇ ಕಂಪ್ಯೂಟರಿನಿಂದ ಚಿತ್ರ ಬರೆಯಿಸಿದರು, ಮುಂದೆ ಅಲ್ಲಿ ಸಂಶೋಧನಾ ತಂಡವನ್ನೇ ಕಟ್ಟಿದರು. ಒಂದೆಡೆ ಗಣಿತ, ಇನ್ನೊಂದೆಡೆ ಕುಂಚ. ಇವೆರಡೂ ಪೂರ್ತಿಯಾಗಿ ಒಂದಾಗಲೇ ಇಲ್ಲ, ಆದ್ದರಿಂದ ಇಂದಿಗೂ ಈ ವಿಷಯಕ್ಕೆ ವಿಶ್ವವಿದ್ಯಾಲಯದಲ್ಲಿ ಒಂದೇ ಮನೆ ಇಲ್ಲ. ಕೆಲವೆಡೆ ಅದು ಲಲಿತಕಲಾ ವಿಭಾಗದಲ್ಲಿದೆ, ಕೆಲವೆಡೆ ಕಂಪ್ಯೂಟರ್ ವಿಜ್ಞಾನದಲ್ಲಿ, ಮತ್ತೆ ಕೆಲವೆಡೆ ಚಲನಚಿತ್ರ ಅಥವಾ ಮಾಧ್ಯಮ ವಿಭಾಗದಲ್ಲಿ. ಅಧ್ಯಾಪಕರಾಗಲು ಬಯಸುವವರಿಗೆ ಇದು ಆಡಳಿತದ ಸಣ್ಣ ವಿವರದಂತೆ ಕಾಣಬಹುದು. ಅವರ ಇಡೀ ವೃತ್ತಿಜೀವನದ ಆಕಾರವನ್ನು ತೀರ್ಮಾನಿಸುವುದು ಈ ವಿವರವೇ.

ಅರ್ಹತೆಯ ಜಗಳ

ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಕಾಯಂ ಹುದ್ದೆ ಬೇಕಾದರೆ ಪಿಎಚ್‌ಡಿ ಮತ್ತು ಪ್ರಕಟಿತ ಸಂಶೋಧನೆ ಬೇಕು. ಅಮೆರಿಕದ ಕಲಾ ವಿಭಾಗಗಳಲ್ಲಿ ಎಂಎಫ್‌ಎ (ಲಲಿತಕಲೆಯ ಸ್ನಾತಕೋತ್ತರ) ಪದವಿಯನ್ನೇ ಕ್ಷೇತ್ರದ ಅಂತಿಮ ಪದವಿ ಎಂದು ಬಹುಕಾಲದಿಂದ ಒಪ್ಪಲಾಗಿದೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ, ತಾನು ರಚಿಸಿದ ಕೃತಿಯೊಂದಿಗೆ ಅದನ್ನು ವಿವರಿಸುವ ಪ್ರಬಂಧವನ್ನೂ ಸಲ್ಲಿಸಿ ಪಿಎಚ್‌ಡಿ ಪಡೆಯುವ ದಾರಿ ಬೆಳೆದಿದೆ. ಇವೆಲ್ಲದರ ಹೊರಗೆ ನಿಂತವರು, ಹದಿನೈದು ವರ್ಷ ಸ್ಟುಡಿಯೊದಲ್ಲಿ ದುಡಿದು, ಕೈಯಲ್ಲಿ ಒಂದು ಪದವಿ ಮತ್ತು ಉದ್ದನೆಯ ಚಿತ್ರಪಟ್ಟಿ ಹಿಡಿದುಕೊಂಡವರು.

ಒಂದು ಪಕ್ಷದ ಪ್ರಕಾರ ಈ ವಿಷಯವನ್ನು ಕಲಿಸಲು ಅಂಥವರೇ ಸರಿಯಾದವರು. ಶಾಟ್ ಮುಗಿಸುವ ಒತ್ತಡವನ್ನೇ ಕಾಣದವರು ಅದನ್ನು ಹೇಗೆ ಕಲಿಸಿಯಾರು ಎಂದು ಅವರು ಕೇಳುತ್ತಾರೆ. ಇನ್ನೊಂದು ಪಕ್ಷದ ಪ್ರಕಾರ, ವಿಶ್ವವಿದ್ಯಾಲಯದ ಅಧ್ಯಾಪಕರು ಇರುವ ಜ್ಞಾನವನ್ನು ದಾಟಿಸುವುದರ ಜೊತೆಗೆ ಹೊಸದನ್ನು ಸೇರಿಸಬೇಕು, ಮತ್ತು ಅದನ್ನು ಬೇರೆಯವರು ಪರಿಶೀಲಿಸುವಂತಿರಬೇಕು. ಕೇವಲ ಅನುಭವವನ್ನು ಪರಿಗಣಿಸಿದರೆ ವಿಶ್ವವಿದ್ಯಾಲಯಕ್ಕೂ ತರಬೇತಿ ಕೇಂದ್ರಕ್ಕೂ ವ್ಯತ್ಯಾಸವೇನು ಎಂಬುದು ಅವರ ಪ್ರಶ್ನೆ. ಎರಡೂ ವಾದಗಳಲ್ಲಿ ಹುರುಳಿದೆ. ಸಮಸ್ಯೆ ಇರುವುದು, ಕಲಾವಿದರ ಕೊಡುಗೆಯನ್ನು ಪರಿಶೀಲಿಸಲು ವಿಶ್ವವಿದ್ಯಾಲಯದ ಬಳಿ ಸರಿಯಾದ ಸಾಧನ ಇಲ್ಲದಿರುವುದರಲ್ಲಿ.

ಚಿತ್ರವೊಂದರ ಕೊನೆಯಲ್ಲಿ ಉರುಳುವ ನೂರಾರು ಹೆಸರುಗಳಲ್ಲಿ ಒಂದು ಹೆಸರು ಏನನ್ನು ಸಾಬೀತು ಮಾಡುತ್ತದೆ? ಆ ವ್ಯಕ್ತಿ ಚಿತ್ರದ ಅತ್ಯಂತ ಕಷ್ಟದ ನೀರಿನ ಸಿಮ್ಯುಲೇಷನ್ ಬಿಡಿಸಿರಬಹುದು, ಅಥವಾ ಎರಡು ವಾರ ನಟರನ್ನು ಎತ್ತಿ ಹಿಡಿದ ತಂತಿಗಳನ್ನು ಚಿತ್ರದಿಂದ ಅಳಿಸಿರಬಹುದು. ಬಡ್ತಿ ಸಮಿತಿಯಲ್ಲಿ ಕುಳಿತ ಭಾಷಾಶಾಸ್ತ್ರದ ಅಥವಾ ರಸಾಯನಶಾಸ್ತ್ರದ ಪ್ರಾಧ್ಯಾಪಕರಿಗೆ ಅದನ್ನು ತಿಳಿಯುವ ದಾರಿಯಿಲ್ಲ. ಗೋಪ್ಯತೆಯ ಒಪ್ಪಂದಗಳಿರುವುದರಿಂದ ಕಲಾವಿದರು ತಮ್ಮ ಕೆಲಸದ ಒಳಗುಟ್ಟನ್ನು ಬರೆದು ತೋರಿಸುವಂತೆಯೂ ಇಲ್ಲ. ಗಣಿತದ ಕಡೆಯವರಿಗೆ ಈ ಅಡಚಣೆ ಕಡಿಮೆ. ಕೆನ್ ಪರ್ಲಿನ್ 1980ರ ದಶಕದ ಆರಂಭದಲ್ಲಿ ಚಿತ್ರವೊಂದಕ್ಕೆ ಕೆಲಸ ಮಾಡುತ್ತ, ಕಂಪ್ಯೂಟರ್ ಚಿತ್ರಗಳ ಯಾಂತ್ರಿಕ ನುಣುಪಿನಿಂದ ಬೇಸತ್ತು, ಕಲ್ಲು, ಮೋಡ, ಬೆಂಕಿಗಳಿಗೆ ಸಹಜವಾದ ಅಸಮತೆ ಕೊಡುವ ನಾಯ್ಸ್ ವಿಧಾನವನ್ನು ರೂಪಿಸಿದರು. ಅದನ್ನು 1985ರಲ್ಲಿ ಕಂಪ್ಯೂಟರ್ ಚಿತ್ರಗಳ ಸಿಗ್ಗ್ರಾಫ್ ಸಮ್ಮೇಳನದಲ್ಲಿ ಪ್ರಕಟಿಸಿದರು, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, 1997ರಲ್ಲಿ ಅದಕ್ಕೇ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯನ್ನೂ ಪಡೆದರು. ಸ್ಟುಡಿಯೊದ ತೊಂದರೆಯೊಂದು ಸಂಶೋಧನೆಯಾಗಿ, ಸಂಶೋಧನೆ ಪಾಠವಾಗಿ, ಪಾಠ ಮತ್ತೆ ಎಲ್ಲ ಸ್ಟುಡಿಯೊಗಳ ಸಾಧನವಾದ ದಾರಿ ಇದು. ಒಂದು ಪಾತ್ರದ ನಡಿಗೆಗೆ ಜೀವ ತುಂಬುವ ಅನಿಮೇಟರಿಗೆ ಇಷ್ಟು ನೇರವಾದ ದಾರಿ ಇಲ್ಲ. ಆ ಜ್ಞಾನವೂ ಜ್ಞಾನವೇ. ಅದನ್ನು ಅಳೆಯಲು, ಶಾಟ್‌ನ ಹಂತಹಂತದ ವಿವರಣೆಯನ್ನು ಕ್ಷೇತ್ರದ ಹಿರಿಯರಿಂದಲೇ ಪರಿಶೀಲಿಸುವ ಪದ್ಧತಿಯನ್ನು ವಿಶ್ವವಿದ್ಯಾಲಯಗಳು ಕಟ್ಟಿಕೊಳ್ಳಬೇಕು.

ತಂತ್ರಾಂಶ ಹೋಗುತ್ತದೆ, ಲೆಕ್ಕ ಉಳಿಯುತ್ತದೆ

ಈ ವೃತ್ತಿಯ ಬಗ್ಗೆ ಇರುವ ದೊಡ್ಡ ಭಯ, ಕಲಿಸುವ ವಿಷಯವೇ ಐದು ವರ್ಷಕ್ಕೊಮ್ಮೆ ಹಳತಾಗುತ್ತದೆ ಎಂಬುದು. ಭಯಕ್ಕೆ ಆಧಾರವಿದೆ. 1986ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದ, ಅನಿಮೇಷನ್ ತಂತ್ರಾಂಶ ಮಾಡುತ್ತಿದ್ದ ಸಾಫ್ಟ್‌ಇಮೇಜ್ ಕಂಪನಿ ಮೈಕ್ರೋಸಾಫ್ಟ್, ಅವಿಡ್ ಎಂದು ಕೈ ಬದಲಿಸುತ್ತ 2008ರಲ್ಲಿ ಆಟೋಡೆಸ್ಕ್ ಪಾಲಾಯಿತು. 2014ರಲ್ಲಿ ಆಟೋಡೆಸ್ಕ್ ಅದರ ತಂತ್ರಾಂಶವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಆಗ ಅದರ ಸುತ್ತ ಪಠ್ಯಕ್ರಮ ಕಟ್ಟಿಕೊಂಡಿದ್ದ ವಿಭಾಗಗಳು ಅಭ್ಯಾಸದ ಕಡತಗಳು, ಪಾಠದ ಟಿಪ್ಪಣಿಗಳು, ಪರೀಕ್ಷೆಯ ಮಾದರಿಗಳು ಎಲ್ಲವನ್ನೂ ಹೊಸದಾಗಿ ಬರೆಯಬೇಕಾಯಿತು. ಅಂತರ್ಜಾಲದಲ್ಲಿ ಅನಿಮೇಷನ್ ತೋರಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್ 2020ರ ಡಿಸೆಂಬರ್ 31ಕ್ಕೆ ನಿಂತಿತು. ಕಂಪನಿಗಳು ವಿದ್ಯಾರ್ಥಿಗಳಿಗೆ ಉಚಿತವಾಗಿಯೋ ಕಡಿಮೆ ದರಕ್ಕೋ ಪರವಾನಗಿ ಕೊಡುವುದು ನಾಳಿನ ಗ್ರಾಹಕರನ್ನು ಇಂದೇ ರೂಢಿಸಿಕೊಳ್ಳುವ ವ್ಯಾಪಾರ. ಅದರ ಲಾಭ ಪಡೆಯುವಾಗ ವಿಭಾಗಗಳು ತಮ್ಮ ಪಠ್ಯದ ಜುಟ್ಟನ್ನು ಇನ್ನೊಬ್ಬರ ಕೈಗೆ ಕೊಡುತ್ತಿರುತ್ತವೆ.

ಪಠ್ಯ ಬದಲಿಸುವ ವೇಗವೂ ಇಲ್ಲಿ ಮುಖ್ಯ. ಹೊಸ ಪಠ್ಯವಿಷಯವೊಂದು ಸಮಿತಿಗಳನ್ನು ದಾಟಿ ಜಾರಿಗೆ ಬರಲು ಒಂದೆರಡು ವರ್ಷ ಹಿಡಿಯುವುದು ಅಪರೂಪವಲ್ಲ. ಅದನ್ನು ಓದುವ ಮೊದಲ ತಂಡ ಪದವಿ ಪಡೆಯಲು ಇನ್ನೂ ಮೂರು ನಾಲ್ಕು ವರ್ಷ ಬೇಕು. ಹಾಗಾಗಿ ಈಗ ಪಠ್ಯ ಬರೆಯುವ ಅಧ್ಯಾಪಕರು ಐದಾರು ವರ್ಷದ ಆಚೆಯ ಉದ್ಯಮಕ್ಕೆ ಬರೆಯುತ್ತಿರುತ್ತಾರೆ, ಆ ಉದ್ಯಮ ಯಾವ ತಂತ್ರಾಂಶ ಬಳಸುತ್ತದೆಂದು ಯಾರಿಗೂ ತಿಳಿದಿರುವುದಿಲ್ಲ. ಗುಂಡಿ ಒತ್ತುವುದನ್ನು ಕಲಿಸುವ ಪಠ್ಯ ಈ ಅಂತರದಲ್ಲಿ ಸೋಲುವುದು ಖಚಿತ.

ಹಾಗಾದರೆ ಉಳಿಯುವುದು ಯಾವುದು? ಬೇರೆ ಬೇರೆ ಚಿತ್ರಗಳನ್ನು ಜೋಡಿಸಿ ಒಂದಾಗಿಸುವ ಕಂಪೋಸಿಟಿಂಗ್‌ನ ಒಂದು ಉದಾಹರಣೆ ಸಾಕು. ಟಾಮ್ ಡಫ್ ಮತ್ತು ಥಾಮಸ್ ಪೋರ್ಟರ್ 1984ರಲ್ಲಿ, ಒಂದು ಚಿತ್ರವನ್ನು ಇನ್ನೊಂದರ ಮೇಲೆ ಇಡುವುದಕ್ಕೆ ಬೀಜಗಣಿತವನ್ನು ಬರೆದರು. ಪ್ರತಿ ಬಿಂದುವಿಗೂ ಬಣ್ಣದ ಜೊತೆ ಆಲ್ಫಾ ಎಂಬ ಸಂಖ್ಯೆ ಇರುತ್ತದೆ. ಆ ಬಿಂದುವನ್ನು ವಸ್ತು ಎಷ್ಟು ಪಾಲು ಮುಚ್ಚಿದೆ ಎಂಬುದನ್ನು ಅದು ಹೇಳುತ್ತದೆ. ಕೂದಲಿನ ಅಂಚಿನ ಬಿಂದುವೊಂದು ಅರ್ಧ ಮಾತ್ರ ಮುಚ್ಚಿದ್ದರೆ, ಮುಂದಿನ ಚಿತ್ರದ ಪಾಲಿಗೆ ಹಿಂದಿನ ಚಿತ್ರದ ಉಳಿದರ್ಧ ಪಾಲನ್ನು ಕೂಡಿಸಬೇಕು. ಲೆಕ್ಕ ಸುಲಭವಾಗಲೆಂದು ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿ ಇಟ್ಟಿರುತ್ತಾರೆ. ಇದನ್ನು ತಿಳಿಯದ ವಿದ್ಯಾರ್ಥಿ, ಗುಣಿಸಿಟ್ಟ ಚಿತ್ರದ ಮೇಲೆ ನೇರವಾಗಿ ಗಾಮಾ (ನಡುವಿನ ಹೊಳಪಿನ ಮಟ್ಟ) ಬದಲಿಸಿದರೆ ಕೂದಲಿನ ಸುತ್ತ ತಪ್ಪು ಬಣ್ಣದ ಗೆರೆ ಏಳುತ್ತದೆ. ಅವನು ಅಂಚನ್ನು ಮಸುಕು ಮಾಡಿ ಅದನ್ನು ಮುಚ್ಚಿಹಾಕಲು ನೋಡುತ್ತಾನೆ, ಕೆಲಸ ಇನ್ನಷ್ಟು ಕೆಡುತ್ತದೆ. ತಿಳಿದವನು ಮೊದಲು ಆಲ್ಫಾದಿಂದ ಭಾಗಿಸಿ, ಬಣ್ಣ ತಿದ್ದಿ, ಮತ್ತೆ ಗುಣಿಸುತ್ತಾನೆ. ನಾಲ್ಕು ದಶಕಗಳಲ್ಲಿ ಕಂಪೋಸಿಟಿಂಗ್ ತಂತ್ರಾಂಶಗಳು ಬಂದವು, ಹೋದವು. ಈ ಲೆಕ್ಕ ಒಂದಿಷ್ಟೂ ಬದಲಾಗಿಲ್ಲ.

ಅನಿಮೇಷನ್ನಿನ ಕಡೆಯೂ ಹೀಗೆಯೇ. 1930ರ ದಶಕದಲ್ಲಿ ಡಿಸ್ನಿಯ ಅನಿಮೇಟರುಗಳು ಪೆನ್ಸಿಲ್ಲಿನಿಂದ ಕಂಡುಕೊಂಡ ತತ್ವಗಳು, ಅಂದರೆ ಚಲನೆಗೆ ಮುನ್ನಿನ ಸಿದ್ಧತೆ, ಹಿಗ್ಗು-ಕುಗ್ಗು, ಕಾಲದ ಹಂಚಿಕೆ ಮೊದಲಾದವು, ಕಂಪ್ಯೂಟರ್ ಅನಿಮೇಷನ್ನಿಗೂ ಅನ್ವಯಿಸುತ್ತವೆ ಎಂದು ಪಿಕ್ಸಾರ್‌ನ ಜಾನ್ ಲ್ಯಾಸೆಟರ್ 1987ರಲ್ಲಿ ಸಿಗ್ಗ್ರಾಫ್‌ನಲ್ಲಿ ಬರೆದರು. ಆ ಪ್ರಬಂಧ ಈಗಲೂ ಮೊದಲ ವರ್ಷದ ಪಾಠ.

ಮುರಿಯುತ್ತಿರುವ ಮೊದಲ ಮೆಟ್ಟಿಲು

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ವಿಭಾಗಗಳು ಎರಡು ಬಣಗಳಾಗಿವೆ. ಉದ್ಯಮ ಅತ್ತ ಹೋಗುತ್ತಿರುವಾಗ ಮೊದಲ ದಿನದಿಂದಲೇ ಅದನ್ನು ಕಲಿಸಬೇಕು ಎಂಬುದು ಒಂದು ಬಣ. ಇತರರ ಕೃತಿಗಳನ್ನು ಕೇಳದೆ ನುಂಗಿ ಬೆಳೆದ ಸಾಧನಕ್ಕೆ ಕಲಾಶಾಲೆಯಲ್ಲಿ ಜಾಗ ಕೊಡಬಾರದು ಎಂಬುದು ಇನ್ನೊಂದು. ಎರಡನೆಯ ಬಣದ ನೈತಿಕ ಆಕ್ಷೇಪ ಹಗುರವಾದದ್ದಲ್ಲ. ಅನೇಕ ಕಲಾವಿದರು ಇದೇ ಪ್ರಶ್ನೆಯನ್ನು ನ್ಯಾಯಾಲಯಗಳಿಗೆ ಒಯ್ದಿದ್ದಾರೆ. ಆದರೆ ಅಧ್ಯಾಪಕರ ವೃತ್ತಿಯನ್ನು ನಿಜವಾಗಿ ಬದಲಿಸುವ ಸಂಗತಿ ಈ ಜಗಳದ ಬದಿಯಲ್ಲಿ ನಡೆಯುತ್ತಿದೆ.

ಯಂತ್ರಕ್ಕೆ ಮೊದಲು ಒಗ್ಗುವ ಕೆಲಸಗಳು ರೋಟೊ, ತಂತಿ ಅಳಿಸುವಿಕೆ, ಕ್ಯಾಮೆರಾ ಚಲನೆಯನ್ನು ಹಿಡಿಯುವ ಮ್ಯಾಚ್‌ಮೂವ್ ಮುಂತಾದವು. ರೋಟೊ ಎಂದರೆ ನಟನ ಆಕಾರದ ಸುತ್ತ ಫ್ರೇಮಿನಿಂದ ಫ್ರೇಮಿಗೆ ಗೆರೆ ಎಳೆದು ಅವನನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಕೆಲಸ. ಸೆಕೆಂಡಿಗೆ 24 ಫ್ರೇಮ್. ಬೇಸರ ಹುಟ್ಟಿಸುವ ಈ ದುಡಿಮೆ ಹೊಸಬರಿಗೆ ಸ್ಟುಡಿಯೊದ ಬಾಗಿಲಾಗಿತ್ತು. ಒಂದು ವರ್ಷ ರೋಟೊ ಮಾಡಿದವನಿಗೆ ಬಟ್ಟೆ ಹೇಗೆ ಮಡಿಯುತ್ತದೆ, ವೇಗದಲ್ಲಿ ಕೈಯ ಅಂಚು ಹೇಗೆ ಮಸುಕಾಗುತ್ತದೆ ಎಂಬುದು ಬೆರಳಿಗೇ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಕುಳಿತ ಹಿರಿಯರ ಶಾಟ್, ದಿನದ ಕೆಲಸ ಪರಿಶೀಲಿಸುವ ಡೈಲೀಸ್‌ನಲ್ಲಿ ಏಕೆ ತಿರಸ್ಕೃತವಾಯಿತು ಎಂಬುದನ್ನು ಅವನು ಕೇಳಿಸಿಕೊಳ್ಳುತ್ತಿದ್ದ. ಸ್ಟುಡಿಯೊ ಅವನಿಗೆ ಸಂಬಳ ಕೊಟ್ಟು ಕಣ್ಣು ತರಬೇತಿ ಮಾಡುತ್ತಿತ್ತು. ಆ ಮೆಟ್ಟಿಲು ಹೋದರೆ ಸ್ಟುಡಿಯೊ ನೇರವಾಗಿ ಎರಡನೆಯ ಮೆಟ್ಟಿಲಿನವರನ್ನೇ ಕೇಳುತ್ತದೆ. ಆ ಎರಡನೆಯ ಮೆಟ್ಟಿಲಿಗೆ ವಿದ್ಯಾರ್ಥಿಯನ್ನು ಏರಿಸುವ ಹೊರೆ ವಿಶ್ವವಿದ್ಯಾಲಯದ ಮೇಲೆ, ಅಂದರೆ ಅಧ್ಯಾಪಕರ ಮೇಲೆ ಬೀಳುತ್ತದೆ. ಯಂತ್ರದಿಂದ ಅಧ್ಯಾಪಕರ ಕೆಲಸ ಕಡಿಮೆಯಾಗುತ್ತದೆ ಎಂದು ಎಣಿಸುವ ಆಡಳಿತಗಳು ಈ ಸರಪಳಿಯನ್ನು ಗಮನಿಸಿಲ್ಲ.

ಹಾಗೆಂದು ಸಾಧನವನ್ನು ದೂರವಿಡುವುದರಿಂದ ಪ್ರಯೋಜನವಿಲ್ಲ. ಅದರ ಮಿತಿ ಮತ್ತು ಕಾನೂನಿನ ಸ್ಥಿತಿಯನ್ನೂ ವಿದ್ಯಾರ್ಥಿ ತಿಳಿಯಬೇಕು. ಮನುಷ್ಯ ಕರ್ತೃವಿಲ್ಲದ ಕೃತಿಗೆ ಹಕ್ಕುಸ್ವಾಮ್ಯ ಇಲ್ಲ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಅದಾದ ಮರು ತಿಂಗಳು ಆಸ್ಕರ್ ಅಕಾಡೆಮಿ, ಇಂಥ ಸಾಧನ ಬಳಸಿದ್ದರಿಂದಲೇ ಚಿತ್ರವೊಂದರ ಅವಕಾಶ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂದು ನಿಯಮದಲ್ಲಿ ಬರೆಯಿತು. ಇನ್ನು ಮಿತಿಯ ಮಾತು: ನಿರ್ದೇಶಕರು 'ಹೊಗೆ ಹಾಗೇ ಇರಲಿ, ಬೆಂಕಿಯನ್ನು ಮಾತ್ರ ಎಡಕ್ಕೆ ಸರಿಸಿ' ಎಂದಾಗ ಪದರ ಪದರವಾಗಿ ಕಟ್ಟಿದ ಶಾಟ್‌ನಲ್ಲಿ ಅದು ಸಾಧ್ಯ. ಒಂದೇ ಎರಕದಲ್ಲಿ ಹೊರಬಂದ ವಿಡಿಯೊದಲ್ಲಿ ಅದೇ ಬದಲಾವಣೆ ಬಹಳ ಕಷ್ಟ. ಆದ್ದರಿಂದ ಮೊದಲು ಪದರ ಕಟ್ಟಲು ಕಲಿಸಿ, ಆಮೇಲೆ ಸಾಧನ ಕೊಡುವ ಕ್ರಮವೇ ಸರಿ. ಮೌಲ್ಯಮಾಪನವೂ ಕೊನೆಯ ವಿಡಿಯೊಗೆ ಸೀಮಿತವಾಗದೆ, ಮೊದಲ ಗೀಚುಚಿತ್ರದಿಂದ ಕೊನೆಯ ರೆಂಡರ್‌ವರೆಗಿನ (ಕಂಪ್ಯೂಟರ್ ಅಂತಿಮ ಚಿತ್ರ ಹೊರತರುವವರೆಗಿನ) ಪ್ರತಿ ಹಂತವನ್ನೂ ನೋಡಬೇಕು.

ತಿದ್ದುವುದಕ್ಕೆ ಬೇಕಾದ ಗಂಟೆಗಳು

ಈ ವಿಷಯದ ಬೋಧನೆಯ ತಿರುಳು ಉಪನ್ಯಾಸದಲ್ಲಿಲ್ಲ, ತಿದ್ದುವುದರಲ್ಲಿದೆ. ಪಾತ್ರವೊಂದು ಭಾರದ ಪೆಟ್ಟಿಗೆ ಎತ್ತುತ್ತದೆ ಎಂದುಕೊಳ್ಳೋಣ. ವಿದ್ಯಾರ್ಥಿ ಎರಡು ಭಂಗಿ ಕೊಟ್ಟು ನಡುವಿನದನ್ನು ಕಂಪ್ಯೂಟರಿಗೆ ಬಿಟ್ಟಿದ್ದಾನೆ. ಪೆಟ್ಟಿಗೆ ಹತ್ತಿಯಂತೆ ತೇಲಿ ಮೇಲೇಳುತ್ತದೆ. ಏನೋ ಸರಿಯಿಲ್ಲ ಎಂದು ಅವನಿಗೂ ಗೊತ್ತು, ಯಾವುದು ಎಂದು ಗೊತ್ತಿಲ್ಲ. ಅಧ್ಯಾಪಕಿ ಫ್ರೇಮ್ ಫ್ರೇಮಾಗಿ ಹಿಂದೆ ಸರಿದು, ಕೈ ಏಳುವುದಕ್ಕೆ ನಾಲ್ಕಾರು ಫ್ರೇಮ್ ಮೊದಲೇ ಸೊಂಟ ಪಾದಗಳ ಮೇಲಕ್ಕೆ ಬರಬೇಕು, ತೋಳು ಬಿಗಿಯಾಗುವವರೆಗೆ ಪೆಟ್ಟಿಗೆ ಕದಲಬಾರದು ಎಂದು ತೋರಿಸುತ್ತಾರೆ. ಈ ತಿದ್ದುಪಡಿಯನ್ನು ಮೂವತ್ತು ಜನರಿಗೆ ಒಟ್ಟಿಗೆ ಹೇಳಲಾಗುವುದಿಲ್ಲ, ಏಕೆಂದರೆ ಮೂವತ್ತೂ ಶಾಟ್‌ಗಳ ತಪ್ಪು ಬೇರೆ ಬೇರೆ. ತಲಾ 15 ನಿಮಿಷ ಎಂದರೂ 30 ವಿದ್ಯಾರ್ಥಿಗಳಿಗೆ ಏಳೂವರೆ ಗಂಟೆ; ಅದೂ ಒಂದು ಅಭ್ಯಾಸಕ್ಕೆ, ಒಂದು ಸುತ್ತಿಗೆ.

ಸಾಮಾನ್ಯ ಬೋಧನಾ ವೇಳಾಪಟ್ಟಿ ಉಪನ್ಯಾಸದ ಗಂಟೆಗಳನ್ನು ಎಣಿಸುತ್ತದೆ, ಇವನ್ನು ಎಣಿಸುವುದಿಲ್ಲ. ಇದರ ಪರಿಣಾಮ ಎರಡು ರೀತಿ. ಶ್ರದ್ಧೆಯುಳ್ಳವರು ರಾತ್ರಿ ಮತ್ತು ರಜೆಯ ಸಮಯವನ್ನು ತಿದ್ದುವುದಕ್ಕೆ ಕೊಟ್ಟು, ಹೊಸ ತಂತ್ರ ಕಲಿಯಲು, ತಮ್ಮ ಸ್ವಂತ ಕೃತಿ ಮಾಡಲು ಸಮಯ ಉಳಿಸಿಕೊಳ್ಳುವುದಿಲ್ಲ. ಕೆಲವೇ ವರ್ಷಗಳಲ್ಲಿ ಅವರ ಜ್ಞಾನವೂ ಬಡ್ತಿಯ ಅವಕಾಶವೂ ಹಿಂದೆ ಬೀಳುತ್ತವೆ. ಉಳಿದವರು ತಿದ್ದುವುದನ್ನು ಕಡಿಮೆ ಮಾಡುತ್ತಾರೆ. ಆಗ ವಿದ್ಯಾರ್ಥಿಗೆ ಸಿಗುವುದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಪಾಠಕ್ಕಿಂತ ಹೆಚ್ಚಿನದೇನೂ ಅಲ್ಲ.

ಸ್ಟುಡಿಯೊದಿಂದ ತರಗತಿಗೆ

ಕೆಲಸ ಕಳೆದುಕೊಂಡ ಅನುಭವಿ ಕಲಾವಿದರಿಗೆ ಬೋಧನೆ ಸಹಜವಾದ ಮುಂದಿನ ಹೆಜ್ಜೆಯಾಗಿ ಕಾಣುತ್ತದೆ. ಇದರಿಂದ ವಿದ್ಯಾರ್ಥಿಗಳಿಗೆ ದೊಡ್ಡ ಲಾಭ ಆಗಬಹುದು. ಆದರೆ ದೊಡ್ಡ ಸ್ಟುಡಿಯೊದ ಕೆಲಸ ತೀರ ವಿಂಗಡಿತವಾದದ್ದು: ಹತ್ತು ವರ್ಷ ಲೈಟಿಂಗ್ ಮಾಡಿದವರು ಪಾತ್ರವನ್ನು ಚಲಿಸಲು ಬೇಕಾದ ಒಳಗಿನ ಚೌಕಟ್ಟಾದ ರಿಗ್ಗನ್ನು ಒಮ್ಮೆಯೂ ಕಟ್ಟಿರದೆ ಇರಬಹುದು, ಚಿಕ್ಕ ವಿಭಾಗವೊಂದು ಅವರಿಂದ ಎರಡನ್ನೂ ನಿರೀಕ್ಷಿಸುತ್ತದೆ. ಪರಿಣತರ ಕೈಗೆ ರೂಢಿಯಾಗಿರುವುದನ್ನು ಮಾತಿಗೆ ಇಳಿಸುವುದು ಬೇರೆಯೇ ಕೌಶಲ. ಕೀಬೋರ್ಡನ್ನು ತಾವೇ ತೆಗೆದುಕೊಂಡು ಎರಡು ನಿಮಿಷದಲ್ಲಿ ಸರಿಪಡಿಸಿ ಕೊಡುವ ಅಧ್ಯಾಪಕರಿಂದ ವಿದ್ಯಾರ್ಥಿಯ ಶಾಟ್ ಸುಧಾರಿಸುತ್ತದೆ, ವಿದ್ಯಾರ್ಥಿ ಸುಧಾರಿಸುವುದಿಲ್ಲ.

ಒಂದೇ ಹುದ್ದೆಗೆ ಅನೇಕ ಅನುಭವಿಗಳು ಅರ್ಜಿ ಹಾಕುವಾಗ ಆಡಳಿತಕ್ಕೆ ಇನ್ನೊಂದು ಆಸೆ ಹುಟ್ಟುತ್ತದೆ: ಕಾಯಂ ಹುದ್ದೆಯ ಬದಲು ಗಂಟೆಗಿಷ್ಟು ಎಂದು ಕೊಟ್ಟು ಅತಿಥಿ ಅಧ್ಯಾಪಕರಿಂದ ವಿಭಾಗ ನಡೆಸುವುದು. ಗಂಟೆಯ ಲೆಕ್ಕದಲ್ಲಿ ಬರುವವರು ಉದ್ಯಮ ಚೇತರಿಸಿದ ದಿನ ಹೊರಡುತ್ತಾರೆ, ಅವರನ್ನು ದೂರಲಾಗದು. ಆದರೆ ನಾಲ್ಕು ವರ್ಷದ ಪಠ್ಯವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಲೆಯಲ್ಲಿ ಹಿಡಿದಿರುವವರು ಆಗ ವಿಭಾಗದಲ್ಲಿ ಯಾರೂ ಉಳಿದಿರುವುದಿಲ್ಲ.

ಮುಂದಿನ ಕೆಲವು ವರ್ಷಗಳು

ನಿಗದಿತ ಮೊತ್ತದ ವ್ಯವಹಾರ ಬದಲಾಗದಿದ್ದರೆ ದೊಡ್ಡ ಸ್ಟುಡಿಯೊಗಳ ಏರಿಳಿತ ಮುಂದುವರಿಯುತ್ತದೆ. ಮಾರ್ವೆಲ್‌ನ ವಿಎಫ್‌ಎಕ್ಸ್ ಕೆಲಸಗಾರರು 2023ರಲ್ಲಿ ಕಾರ್ಮಿಕ ಸಂಘಟನೆಯ ಪರ ಮತ ಹಾಕಿದ್ದು ಅಂಥ ಬದಲಾವಣೆಯ ಒಂದು ಮೊದಲ ಹೆಜ್ಜೆ. ಅದೇ ವೇಳೆಗೆ ಚಿಕ್ಕ ತಂಡಗಳು ಹೆಚ್ಚುತ್ತವೆ, ಅವುಗಳಿಗೆ ಒಂದೇ ಕಸುಬಿನ ಪರಿಣತರಿಗಿಂತ ಕಥೆಯಿಂದ ರೆಂಡರ್‌ವರೆಗೆ ತಿಳಿದವರು ಬೇಕಾಗುತ್ತಾರೆ. ಆಟಗಳು, ವೈದ್ಯಕೀಯ ದೃಶ್ಯೀಕರಣ, ವಾಸ್ತುಶಿಲ್ಪ, ರೋಬಾಟ್‌ಗಳ ತರಬೇತಿಗೆ ಬೇಕಾದ ಕೃತಕ ದೃಶ್ಯಗಳು, ಇವೆಲ್ಲವೂ ಇದೇ ವಿದ್ಯೆಯನ್ನು ಬಳಸುತ್ತವೆ. ಹೀಗಾಗಿ ಪ್ರವೇಶದ ಸಮಯದಲ್ಲಿ ವಿದ್ಯಾರ್ಥಿಗೆ ಹೇಳುವ ಮಾತು ಪ್ರಾಮಾಣಿಕವಾಗಿರಬೇಕು: ಸ್ಟುಡಿಯೊ ಕೆಲಸ ಖಚಿತವಲ್ಲ, ಅದೊಂದೇ ಗುರಿಯೂ ಅಲ್ಲ. ಜಾಹೀರಾತಿನಲ್ಲಿ ಒಂದು, ತರಗತಿಯಲ್ಲಿ ಇನ್ನೊಂದು ಹೇಳಬೇಕಾದ ಇಕ್ಕಟ್ಟಿಗೆ ಅಧ್ಯಾಪಕರನ್ನು ದೂಡುವ ಸಂಸ್ಥೆಯಲ್ಲಿ ಒಳ್ಳೆಯವರು ಬಹುಕಾಲ ನಿಲ್ಲುವುದಿಲ್ಲ.

ಈ ವೃತ್ತಿಗೆ ಬರಲು ಯೋಚಿಸುತ್ತಿರುವವರು ಸಂದರ್ಶನದಲ್ಲಿ ಉತ್ತರ ಕೊಡುವುದರ ಜೊತೆಗೆ ಪ್ರಶ್ನೆಗಳನ್ನೂ ಒಯ್ಯಬೇಕು. ಒಂದು ತರಗತಿಯಲ್ಲಿ ಎಷ್ಟು ವಿದ್ಯಾರ್ಥಿಗಳು, ತಿದ್ದುವ ಗಂಟೆಗಳು ಕೆಲಸದ ಲೆಕ್ಕಕ್ಕೆ ಸೇರುತ್ತವೆಯೇ, ಬಡ್ತಿಗೆ ಚಲನಚಿತ್ರ ಕೃತಿಯನ್ನು ಯಾರು ಯಾವ ಮಾನದಂಡದಿಂದ ಪರಿಶೀಲಿಸುತ್ತಾರೆ, ಹೊಸ ತಂತ್ರ ಕಲಿಯಲು ಕೆಲವು ವರ್ಷಗಳಿಗೊಮ್ಮೆ ಬೋಧನೆಯಿಂದ ಬಿಡುವು ಸಿಗುತ್ತದೆಯೇ, ಮತ್ತು ಪದವೀಧರರ ಉದ್ಯೋಗದ ಸಂಖ್ಯೆ ಕುಸಿದ ವರ್ಷ ವಿಭಾಗಕ್ಕೆ ಏನಾಗುತ್ತದೆ ಎಂದು ಕೇಳಬೇಕು. ಉತ್ತರಗಳು ಬಾಯಿಮಾತಿನಲ್ಲಿ ಉಳಿಯದೆ ನೇಮಕಾತಿ ಪತ್ರದಲ್ಲಿಯೋ ವಿಭಾಗದ ನಿಯಮಾವಳಿಯಲ್ಲಿಯೋ ಬರಹದಲ್ಲಿರಬೇಕು, ಏಕೆಂದರೆ ಮಾತು ಕೊಟ್ಟ ಮುಖ್ಯಸ್ಥರ ಅವಧಿ ಅಧ್ಯಾಪಕರ ಮೊದಲ ಬಡ್ತಿಗಿಂತ ಮೊದಲೇ ಮುಗಿಯಬಹುದು.